ಉಜ್ಜೀವನ ಕೂಟ ಮುಗಿದ ಮ್ಯಾಲೆ ಮುಂದೇನು? ಯುವಜನರಿಗೆ ಒಂದು ವರ್ಷದ ಕ್ರಮ ಬೇಕಾಗೇತಿ

ಹಾವೇರಿ_ಯುವಜನ

ಎಲ್ಲರಿಗೂ ವಂದನೆ. ನಮ್ಮ ಸಭೆಯ ಯುವಜನರ ಕೂಟಕ್ಕ ಒಂದು ವರ್ಷದ ಕ್ರಮ ಹಾಕಬೇಕಾಗೇತಿ. ಹೆಚ್ಚಿನವರು ಈಗಷ್ಟೇ ದೃಢೀಕರಣ (ಸಭೆಯ ಪೂರ್ಣ ಸದಸ್ಯರಾಗೋ ವಿಧಿ) ಆದವರು, ಕೆಲವರು ಹೊಸದಾಗಿ ದೀಕ್ಷಾಸ್ನಾನ ತಗೊಂಡವರು. ಉಜ್ಜೀವನ ಕೂಟ (ವಿಶ್ವಾಸ ಹೊಸದಾಗಿ ಎಚ್ಚರಿಸೋ ವಿಶೇಷ ಕೂಟ) ಆದ ವಾರ ಎಲ್ಲಾರೂ "ಮುಂಜಾನೆ ನಾಲ್ಕಕ್ಕ ಏಳ್ತೀವಿ, ದಿನಾ ಹತ್ತು ಅಧ್ಯಾಯ ಓದ್ತೀವಿ" ಅಂತ ನಿರ್ಧಾರ ಮಾಡ್ತಾರ. ತಿಂಗಳು ತುಂಬೂದ್ರಾಗ ಅರ್ಧ ಮಂದಿ ಬಿಟ್ಟಿರ್ತಾರ. ಉಳಿದವರು ಅವರನ್ನ ನೋಡಿ "ವಿಶ್ವಾಸ ಗಟ್ಟಿ ಇರಲಿಲ್ಲ" ಅಂತಾರ, ಬಿಟ್ಟವರು ನಾಚಿಕೊಂಡು ರವಿವಾರದ ಆರಾಧನೆಗೂ ಬರೂದಿಲ್ಲ.

ಎಲ್ಲಿಂದ ಓದಬೇಕು, ಎಷ್ಟು ಓದಬೇಕು, ಪ್ರಾರ್ಥನೆಗೆ ಎಷ್ಟು ಹೊತ್ತು, ಬೆಳವಣಿಗೆ ಆಗೇತೋ ಇಲ್ಲೋ ಅಂತ ಹೆಂಗ ನೋಡೂದು? ಬರೇ "ಪ್ರಾರ್ಥನೆ ಮಾಡ್ರಿ, ಎಲ್ಲಾ ಸರಿ ಆಗ್ತೈತಿ" ಅನ್ನೋ ಉತ್ತರ ಬ್ಯಾಡ್ರಿ. ಲೆಕ್ಕ ಸಮೇತ ಹೇಳ್ರಿ.

ಕೇಶ್ವಾಪುರ_ಓದುಗ

ಲೆಕ್ಕದಿಂದಲೇ ಶುರು ಮಾಡೋಣ. ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಹತ್ತು ಅಂದರೆ ನಾಲ್ಕು ತಿಂಗಳಲ್ಲಿ ಇಡೀ ಸತ್ಯವೇದ ಮುಗಿಸುವ ವೇಗ. ಕಾಲೇಜು, ಕೆಲಸ ಇರುವ ಹುಡುಗರಿಗೆ ಆ ವೇಗ ಹಿಡಿಸುವುದಿಲ್ಲ. ಹಿಡಿಸಿದರೂ ಓದಿದ್ದು ನೆನಪಲ್ಲಿ ಉಳಿಯುವುದಿಲ್ಲ.

ಹೊಸ ಒಡಂಬಡಿಕೆ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ ಓದಿದರೆ 52 ವಾರಕ್ಕೆ ಬರೋಬ್ಬರಿ ಮುಗಿಯುತ್ತದೆ. ಶನಿವಾರ ತಪ್ಪಿದ್ದನ್ನು ಓದಲು, ರವಿವಾರ ಸಭೆಗೆ. ಒಂದು ಅಧ್ಯಾಯ ಬಾಯಿಬಿಟ್ಟು ಓದಲು ಸುಮಾರು ಐದಾರು ನಿಮಿಷ, ಲೂಕನ ಮೊದಲನೆಯ ಅಧ್ಯಾಯದಂಥದ್ದಕ್ಕೆ (80 ವಚನ) ಇನ್ನೂ ಸ್ವಲ್ಪ ಹೆಚ್ಚು.

ಕ್ರಮ: ಮೊದಲು ಮಾರ್ಕ, 16 ಅಧ್ಯಾಯ. ಅದರ ಹಿಂದೆಯೇ ಫಿಲಿಪ್ಪಿಯವರಿಗೆ, 4 ಅಧ್ಯಾಯ. ನಾಲ್ಕು ವಾರ ಆಯಿತು, ಎರಡು ಪುಸ್ತಕ ಪೂರ್ತಿ ಓದಿದ ಧೈರ್ಯ ಬಂತು. ಆಮೇಲೆ ಲೂಕ ಮತ್ತು ಅಪೊಸ್ತಲರ ಕೃತ್ಯಗಳು ಒಟ್ಟಿಗೆ. ಎರಡೂ ಥೆಯೊಫಿಲ ಎಂಬ ಒಬ್ಬನಿಗೇ ಬರೆದವು, ಒಂದರ ಮುಂದುವರಿಕೆ ಇನ್ನೊಂದು, ಒಟ್ಟು 52 ಅಧ್ಯಾಯ. ಪತ್ರಿಕೆಗಳು, ಅಂದರೆ ಅಪೊಸ್ತಲರ ಪತ್ರಗಳು, ಅದರ ನಂತರ, ಯಾಕೆಂದರೆ ಕೊರಿಂಥ, ಫಿಲಿಪ್ಪಿ, ಎಫೆಸ ಯಾವ ಊರು, ಪೌಲ ಅಲ್ಲಿ ಏನು ಪಾಡುಪಟ್ಟ ಎಂಬುದು ಕೃತ್ಯಗಳಲ್ಲಿ ಬಂದುಹೋಗಿರುತ್ತದೆ. ಪ್ರಕಟನೆಯ 22 ಅಧ್ಯಾಯ ಕೊನೆಗೆ, ಅದೂ ಕೂಟದಲ್ಲಿ ಕೂಡಿ ಓದುವುದೇ ವಾಸಿ.

ಆದಿಕಾಂಡದಿಂದ ಶುರು ಮಾಡಿದವರು ನಿಲ್ಲುವ ಜಾಗ ಹೆಚ್ಚುಕಡಿಮೆ ಒಂದೇ: ವಿಮೋಚನಕಾಂಡ 25. ಅಲ್ಲಿಂದ ಆರಾಧನೆಯ ಗುಡಾರದ ಅಳತೆ, ಮೊಳ, ಪರದೆ, ಕೊಂಡಿ. 35ನೇ ಅಧ್ಯಾಯದಿಂದ ಅದೇ ಮತ್ತೆ. ಅದು ದಾಟಿದರೆ ಯಾಜಕಕಾಂಡದ 27 ಅಧ್ಯಾಯ. ಅವು ಬೇಡದ ಭಾಗ ಅಂತಲ್ಲ, ಇಬ್ರಿಯರಿಗೆ ಬರೆದ ಪತ್ರಿಕೆ ಓದಿದ ಮೇಲೆ ಅವೇ ಅಧ್ಯಾಯಗಳು ತಾವಾಗಿ ತೆರೆದುಕೊಳ್ಳುತ್ತವೆ. ಹೊಸಬರಿಗೆ ಮೊದಲ ವರ್ಷವೇ ಯಾಕೆ?

ಇನ್ನು ಬಾಕಿಯ ವಿಷಯ. ಓದು ನಿಲ್ಲುವುದಕ್ಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣ ಬಾಕಿ. ನಾಲ್ಕು ದಿನ ತಪ್ಪುತ್ತದೆ, ಐದನೇ ದಿನ ಐದು ಅಧ್ಯಾಯ ಕಾಣುತ್ತವೆ, ಪುಸ್ತಕ ಮುಚ್ಚಿಬಿಡುತ್ತಾರೆ. ಅದಕ್ಕೆ ನಿಯಮ ಹೀಗಿರಲಿ: ಎರಡರವರೆಗೆ ಬಾಕಿ ಇದ್ದರೆ ಶನಿವಾರ ಓದಿ. ಹೆಚ್ಚಿದ್ದರೆ ಬಿಟ್ಟುಬಿಡಿ, ಇವತ್ತಿನ ತಾರೀಖಿನ ಅಧ್ಯಾಯಕ್ಕೆ ಬನ್ನಿ. ಪಟ್ಟಿಯಲ್ಲಿ ಖಾಲಿ ಮನೆ ಉಳಿದರೆ ಉಳಿಯಲಿ. ಪಟ್ಟಿಯನ್ನು ಗೋಡೆಗೆ ಅಂಟಿಸಿ ಯಾರು ಎಷ್ಟು ಓದಿದರೆಂದು ತೋರಿಸುವ ಕೆಲಸವಂತೂ ಬೇಡವೇ ಬೇಡ. ಓದದೆ ಟಿಕ್ ಹಾಕುವುದನ್ನು ಕಲಿಸಿದಂತಾಗುತ್ತದೆ.

ಓದುವ ವಿಧಾನ ಇಷ್ಟು. ಒಮ್ಮೆ ಪೂರ್ತಿ, ಗಟ್ಟಿಯಾಗಿ. ಎರಡನೇ ಸಲ ಐದರಿಂದ ಎಂಟು ವಚನ ಮಾತ್ರ, ನಿಧಾನಕ್ಕೆ. ನೋಟಬುಕ್ಕಿನಲ್ಲಿ ಒಂದೇ ಸಾಲು: ಇಲ್ಲಿ ದೇವರು ಏನು ಮಾಡಿದನು, ಅಥವಾ ಇವತ್ತು ನನ್ನಿಂದ ಏನು ಕೇಳುತ್ತಿದ್ದಾನೆ. ಪುಟಗಟ್ಟಲೆ ಬರೆಯುವ ನೋಟಬುಕ್ಕು ಎರಡನೇ ವಾರಕ್ಕೇ ನಿಲ್ಲುತ್ತದೆ.

ಬೆಟಗೇರಿ_ಅಕ್ಕ

ಓದುಗಣ್ಣಾರು ಓದಿನ ಬಗ್ಗೆ ಹೇಳ್ಯಾರ, ನಾ ಪ್ರಾರ್ಥನೆ ಬಗ್ಗೆ ಹೇಳ್ತೀನ್ರಿ.

ಒಂದು ತಾಸು ಮೊಣಕಾಲೂರ್ತೀನಿ ಅಂತ ನಿರ್ಧಾರ ಮಾಡಿದವರು ಏಳು ನಿಮಿಷಕ್ಕ ಮಾತು ಮುಗಿದು, ಉಳಿದ ಹೊತ್ತು ಗಡಿಯಾರ ನೋಡ್ತಾರ. ಹತ್ತು ನಿಮಿಷದಿಂದ ಶುರು ಮಾಡ್ರಿ. ಮೊದಲ ಎರಡು ನಿಮಿಷ ಸುಮ್ಮನ ಕೂಡೂದು, ಫೋನ್ ಬ್ಯಾರೆ ಖೋಲಿಯೊಳಗ. ಮೂರು ನಿಮಿಷ ಒಂದು ಕೀರ್ತನೆ ಬಾಯಿಬಿಟ್ಟು ಓದೂದು. ಮಾತು ಹೊಳಿದಿದ್ರ ಕೀರ್ತನೆಯ ಮಾತನ್ನ ನಮ್ಮ ಮಾತು ಮಾಡ್ಕೊಳ್ಳೂದು, ಅದಕ್ಕೇ 150 ಅದಾವ. ಎರಡು ನಿಮಿಷ ಪಾಪ ಅರಿಕೆ, ಹೆಸರು ಹೇಳಿ: "ನನ್ನ ಎಲ್ಲಾ ಪಾಪ ಕ್ಷಮಿಸು" ಅಂದ್ರ ಏನೂ ಹೇಳಿದಂಗ ಅಲ್ಲ, "ನಿನ್ನೆ ಅತ್ತಿ ಮುಂದ ಸುಳ್ಳು ಹೇಳಿದೆ" ಅಂದ್ರ ಅದು ಅರಿಕೆ. ಎರಡು ನಿಮಿಷ ಬ್ಯಾರೆಯವರ ಸಲುವಾಗಿ, ದಿನಕ್ಕ ಮೂರ ಹೆಸರು. ಕಡೀಕ ಕರ್ತನ ಪ್ರಾರ್ಥನೆ, ನಿಧಾನಕ. ಮೂರು ತಿಂಗಳ ಆದ ಮ್ಯಾಲೆ ಸಾಲದು ಅನಿಸಿದ್ರ ಐದು ನಿಮಿಷ ಹೆಚ್ಚು ಮಾಡ್ರಿ, ಅಲ್ಲೀತನಕ ಬ್ಯಾಡ.

ಮುಂಜಾನೆ ನಾಲ್ಕರ ವಿಷಯ. ರಾತ್ರಿ ಹನ್ನೆರಡಕ್ಕ ಮಲಗಿ ನಾಲ್ಕಕ್ಕ ಎದ್ದರ ಅದು ನಿದ್ದಿಗೇಡು, ಮಧ್ಯಾಹ್ನ ಮನಿಯವರ ಮ್ಯಾಲೆ ಸಿಟ್ಟಾಗಿ ಹೊರಗ ಬರ್ತದ. ಬೇಗ ಏಳಬೇಕಂದ್ರ ಬೇಗ ಮಲಗಬೇಕು. ಹೆಣಮಕ್ಕಳಿಗೆ ಮುಂಜಾನೆ ನೀರು, ಒಲಿ, ಬುತ್ತಿ. ಅವರಿಗೆ ಮಧ್ಯಾಹ್ನ ಮೂರರ ಹೊತ್ತು ಛಲೋ. ದಾನಿಯೇಲ ದಿನಕ್ಕ ಮೂರು ಸಲ ಪ್ರಾರ್ಥನೆ ಮಾಡ್ತಿದ್ದ, ಮುಂಜಾನೆಯೇ ಆಗಬೇಕು ಅಂತ ಎಲ್ಲೂ ಕಟ್ಟಳೆ ಇಲ್ಲ.

ವರ್ಕ್‌ಶಾಪ್_ಶಿಫ್ಟ್_ಹುಬ್ಬಳ್ಳಿ

ಅಕ್ಕಾರು ಹೇಳಿದ್ದಕ್ಕ ಒಂದು ಸೇರಸ್ತೀನಿ. ರೈಲ್ವೆ, ಆಸ್ಪತ್ರೆ, ಕಾರ್ಖಾನೆ ಶಿಫ್ಟ್ ಇರೋರಿಗೆ ಗಡಿಯಾರದ ವೇಳೆ ಹತ್ತೂದಿಲ್ಲ. ಈ ವಾರ ಆರಕ್ಕ ಡ್ಯೂಟಿ, ಮುಂದಿನ ವಾರ ರಾತ್ರಿ ಪಾಳಿ. ವೇಳೆಗೆ ಕಟ್ಟಬ್ಯಾಡ್ರಿ, ಮಾಡೋ ಕೆಲಸಕ್ಕ ಕಟ್ರಿ: ಎದ್ದು ಮುಖ ತೊಳಕೊಂಡ ಮ್ಯಾಲೆ, ಚಾ ಕುಡಿಯೂಕಿಂತ ಮೊದಲು. ಯಾವ ಪಾಳಿಯಾದ್ರೂ ಮುಖ ತೊಳಿಯೂದು ತಪ್ಪೂದಿಲ್ಲಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಲಗೂಕಿಂತ ಮೊದಲು ಅಧ್ಯಾಯ ಓದಿದ್ರ ಕಣ್ಣು ಎಳೀತಾವ, ಅವತ್ತು ಕೀರ್ತನೆ ಒಂದೇ ಸಾಕು.

ಧಾರವಾಡಕ್ಕ ದಿನಾ ಚಿಗರಿ ಬಸ್ಸಿನಾಗ ಹೋಗೋ ಹುಡುಗರು ಆಡಿಯೊ ಬೈಬಲ್ ಕೇಳಬಹುದು. ಆದ್ರ ಕೇಳೂದು ಹೆಚ್ಚಿನ ಲೆಕ್ಕ, ಕುಂತು ಓದೂದಕ್ಕ ಬದಲಿ ಅಲ್ಲ.

ರಾಣೆಬೆನ್ನೂರ_ಸಾಕ್ಷಿ

ಎಲ್ಲಾರೂ ಹತ್ತು ನಿಮಿಷ, ಒಂದು ಅಧ್ಯಾಯ ಅಂತೀರಲ್ಲ, ಇದೇನು ಬೆಚ್ಚಗಿನ ಕ್ರೈಸ್ತತನ ಅಲ್ಲೇನ್ರಿ? ಲವೊದಿಕೀಯ ಸಭೆಗೆ ಕರ್ತನು "ನೀನು ಬೆಚ್ಚಗಿದ್ದೀ, ನಿನ್ನನ್ನ ಬಾಯಿಂದ ಕಾರಿಬಿಡ್ತೀನಿ" ಅನ್ನಲಿಲ್ಲೇನು? ಯೇಸುವನ್ನ ನೋಡಾಕ ಮರ ಹತ್ತಿದ ಸುಂಕದವ ಜಕ್ಕಾಯನು ಮರದಿಂದ ಇಳಿದ ದಿವಸವೇ ಅನ್ಯಾಯದ ರೊಕ್ಕ ನಾಲ್ಕು ಪಟ್ಟು ತಿರುಗಿ ಕೊಡ್ತೀನಿ ಅಂದ. ಆತ ಒಂದು ವರ್ಷದ ಪ್ಲಾನ್ ಹಾಕಲಿಲ್ಲ. "ನಿಧಾನಕ ಬದಲಾಗ್ತೀನಿ" ಅಂತ ಹೇಳಿ ಪಾಪದಾಗೇ ಕುಂತವರು ಸಭೆಯೊಳಗ ಕಡಿಮಿ ಅದಾರೇನು?

ಧಾರವಾಡ_ಮಾಸ್ತರ

ಸಾಕ್ಷಿಯವರ ಆಕ್ಷೇಪದಲ್ಲಿ ತಿರುಳಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಎರಡು ಬೇರೆ ಬೇರೆ ವಿಷಯಗಳನ್ನು ಅವರು ಒಂದೇ ತಕ್ಕಡಿಗೆ ಹಾಕಿದ್ದಾರೆ.

ಕೈಯಿಂದ ಮಾಡುವ ಅನ್ಯಾಯ ಇವತ್ತೇ ನಿಲ್ಲಬೇಕು. ಕದಿಯುವುದು, ಲಂಚ, ಹೊಡೆಯುವುದು, ಸುಳ್ಳು ಲೆಕ್ಕ. ಇವಕ್ಕೆ ತಾಳ್ಮೆಯ ಪಾಠ ಹೇಳುವುದೇ ತಪ್ಪು. ಎಫೆಸದವರಿಗೆ 4:28 ನೋಡಿ: ಕಳವು ಮಾಡುವವನು ಬಿಡಬೇಕು, ಕೈಯಾರೆ ದುಡಿಯಬೇಕು, ಕೊರತೆಯಲ್ಲಿ ಇರುವವರಿಗೆ ಕೊಡುವಷ್ಟು ಗಳಿಸಬೇಕು. ಬಿಡುವುದು ಒಂದು ದಿನದ ಮಾತು. ದುಡಿಮೆ ಕಲಿಯುವುದಕ್ಕೆ ತಿಂಗಳುಗಳು. ಕೊಡುವ ಮನಸ್ಸು ಬರುವುದಕ್ಕೆ ಇನ್ನೂ ಎಷ್ಟು ಕಾಲವೋ. ಮೂರೂ ಒಂದೇ ವಚನದಲ್ಲಿವೆ. ಜಕ್ಕಾಯನ ಕತೆ ನಮಗೆ ಗೊತ್ತಿರುವುದು ಆ ಒಂದು ದಿನದ್ದು ಮಾತ್ರ. ಮರುದಿನ ಸುಂಕದ ಕಟ್ಟೆಯಲ್ಲಿ ಕೂತು ಆತ ಹೇಗೆ ಲೆಕ್ಕ ಬರೆದ ಎಂಬುದನ್ನು ಲೂಕ ಬರೆದಿಲ್ಲ.

ಸಿಟ್ಟು, ಹೊಟ್ಟೆಕಿಚ್ಚು, ಭಯ, ಹೊಗಳಿಕೆಯ ಆಸೆ, ಇವು ಬೇರಿನವು. ಇವಕ್ಕೆ ವರ್ಷಗಳು ಬೇಕು. ಲೂಕ 13ರ ಅಂಜೂರದ ಗಿಡದ ಸಾಮ್ಯ ಇಲ್ಲಿ ಸರಿಯಾಗಿ ಕೂಡುತ್ತದೆ. ಮೂರು ವರ್ಷದಿಂದ ಹಣ್ಣಿಲ್ಲ, ಕಡಿದುಹಾಕು ಎನ್ನುತ್ತಾನೆ ಒಡೆಯ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ, ಆದರೆ ಬರಿದೇ ಬಿಡು ಎನ್ನುವುದಿಲ್ಲ: ಸುತ್ತ ಅಗೆಯುತ್ತೇನೆ, ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ವರ್ಷಕ್ಕೆ ಗಡುವೂ ಇದೆ. ಕೆಲಸವಿಲ್ಲದ ತಾಳ್ಮೆಯನ್ನು ಸತ್ಯವೇದ ಎಲ್ಲೂ ಹೊಗಳಿಲ್ಲ. ಕೆಲಸ ಮಾಡಿದ್ದರಿಂದಲೇ ಬೆಳೆ ಬಂತು ಎಂಬ ಜಂಬಕ್ಕೂ ಜಾಗ ಕೊಟ್ಟಿಲ್ಲ. ಮಾರ್ಕ 4:26ರಿಂದ 29ರ ರೈತನಿಗೆ ಬೀಜ ಮೊಳೆತದ್ದು ಹೇಗೆಂದೇ ತಿಳಿಯುವುದಿಲ್ಲ.

ಪೌಲನನ್ನು ಎಲ್ಲರೂ ದಮಸ್ಕದ ದಾರಿಯ ಬೆಳಕಿಗಾಗಿ, ಒಂದೇ ದಿನದಲ್ಲಿ ತಿರುಗಿದ್ದಕ್ಕಾಗಿ, ನೆನೆಯುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 1 ಮತ್ತು 2ನೇ ಅಧ್ಯಾಯದಲ್ಲಿ ಆತನೇ ಕೊಟ್ಟ ಲೆಕ್ಕ ನೋಡಿ: ಯೆರೂಸಲೇಮಿಗೆ ಹೋಗುವ ಮೊದಲು ಮೂರು ವರ್ಷ, ಆಮೇಲೆ ಮತ್ತೆ ಅಲ್ಲಿಗೆ ಹೋಗುವ ವಿಷಯದಲ್ಲಿ ಹದಿನಾಲ್ಕು ವರ್ಷ ಎಂಬ ಇನ್ನೊಂದು ಮಾತು. ಒಂದು ದಿನದ ಬೆಳಕಿನ ಹಿಂದೆ ವರ್ಷಗಳೇ ಇವೆ.

ಬಿಟ್ಟುಹೋದ ಹುಡುಗರ ಬಗ್ಗೆ ಕೇಳಿದ್ದೀರಿ. ಅವರಿಗೆ ಪೌಲ, ಬಾರ್ನಬರ ಜೊತೆ ಪ್ರಯಾಣ ಹೊರಟಿದ್ದ ಮಾರ್ಕನನ್ನೇ ತೋರಿಸಿ. ಕೃತ್ಯಗಳು 13:13ರಲ್ಲಿ ಆತ (ಅಲ್ಲಿ ಯೋಹಾನ ಎಂದಿದೆ) ಅವರನ್ನು ಬಿಟ್ಟು ಪಂಫುಲ್ಯದಿಂದ ಹಿಂದಿರುಗಿದ. 15ನೇ ಅಧ್ಯಾಯದಲ್ಲಿ ಅವನನ್ನು ಮತ್ತೆ ಕರೆದೊಯ್ಯುವ ವಿಷಯಕ್ಕೆ ಪೌಲ ಬಾರ್ನಬರೇ ಬೇರೆಯಾದರು. ಬಾರ್ನಬ ಅವನನ್ನು ಕರೆದುಕೊಂಡು ಕುಪ್ರಕ್ಕೆ ಹೊರಟ. ವರ್ಷಗಳ ಮೇಲೆ 2 ತಿಮೊಥೆಯ 4:11ರಲ್ಲಿ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಆತ ನನಗೆ ಉಪಯುಕ್ತನು ಎಂದು ಬರೆಸುತ್ತಾನೆ. ನಿಮ್ಮ ಕೂಟಕ್ಕೆ ಬೇಕಾದವರು ಒಬ್ಬಿಬ್ಬರು ಬಾರ್ನಬರು. ಬಿಟ್ಟ ಹುಡುಗನ ಮನೆಗೆ ಹೋಗಿ ಚಹಾ ಕುಡಿದು ಬರುವವರು, ಓದಿನ ಸುದ್ದಿ ಎತ್ತದವರು.

ಒಂದು ಪಕ್ಕದ ಮಾತು, ನಮ್ಮ ಭಾಗಕ್ಕೆ ಸಂಬಂಧಿಸಿದ್ದು. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಕಡೆಯ ಭಕ್ತಿಪಂಥದ (ಪಯಟಿಸಂ ಎಂಬ ಪ್ರೊಟೆಸ್ಟಂಟ್ ಚಳವಳಿಯ) ಮನೆಗಳವರು. ಆ ಪಂಥದ ಹುಟ್ಟೇ ಮನೆಕೂಟಗಳಲ್ಲಿ. ಸ್ಪೇನರ್ ಎಂಬ ಬೋಧಕ 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ವಾರದ ಕೂಟ ಶುರು ಮಾಡಿದ್ದ. ಜರ್ಮನಿಯ ಹೆರ್ನ್‌ಹೂಟ್ ಊರಿನ ಮೊರಾವಿಯನ್ನರು ಎಂಬ ಕ್ರೈಸ್ತ ಪಂಗಡದವರು 1731ರಿಂದ ಪ್ರತಿವರ್ಷ ಅಚ್ಚು ಹಾಕುತ್ತಿರುವ ದಿನವಚನವೂ ಇಂಥದ್ದೇ: ದಿನಕ್ಕೊಂದು ಹಳೆ ಒಡಂಬಡಿಕೆಯ ವಚನ ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನ ಜೋಡಿಸುತ್ತಾರೆ. ದಿನಕ್ಕೆ ಎರಡೇ ವಚನ. ಇದನ್ನು ಬೆಚ್ಚಗಿನ ಕ್ರೈಸ್ತತನ ಎನ್ನುವುದು ಕಷ್ಟ, ಆ ಚಿಕ್ಕ ಊರು ದೂರದ ದ್ವೀಪಗಳಿಗೆಲ್ಲ ಮಿಶನರಿಗಳನ್ನು ಕಳಿಸಿತು.

ಗದಗ_ಶುಶ್ರೂಷಕಿ

"ಇವತ್ತೇ ಬಿಡಬೇಕು" ಅನ್ನೋ ಮಾತಿಗೆ ಒಂದು ಎಚ್ಚರಿಕೆ, ಕೂಟ ನಡೆಸೋರು ದಯವಿಟ್ಟು ಓದ್ರಿ.

ವರ್ಷಗಟ್ಟಲೆ ದಿನಾ ಹೆಚ್ಚು ಕುಡಿಯೋರು ಉಜ್ಜೀವನ ಕೂಟದಾಗ ಕೈ ಎತ್ತಿ ಅವತ್ತ ರಾತ್ರಿಯಿಂದ ಪೂರ್ತಿ ನಿಲ್ಲಿಸಿದ್ರ ಜೀವಕ್ಕ ಅಪಾಯ ಆಗಬಹುದು. ಕೊನೆಯ ಸಲ ಕುಡಿದ 6ರಿಂದ 24 ತಾಸಿನೊಳಗ ಕೈ ನಡುಕ, ಬೆವರು, ನಿದ್ದಿ ಇಲ್ಲದಂಗ ಆಗೂದು. ಮೊದಲ ಎರಡು ದಿನದಾಗ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನಕ್ಕ ಜ್ವರ, ಗೊಂದಲ, ಇಲ್ಲದ್ದು ಕಾಣೂದು, ಇಲ್ಲದ್ದು ಕೇಳೂದು. ಇದನ್ನ ನೋಡಿ "ದೆವ್ವ ಬಿಡಸಬೇಕು" ಅಂತ ಮನಿಯೊಳಗ ಕೂಡಿಹಾಕಿ ಪ್ರಾರ್ಥನೆ ಮಾಡಿದ್ರ ಮನಿಷ್ಯಾ ಸಾಯಬಹುದು. ಬಿಡೋ ನಿರ್ಧಾರ ಅವತ್ತೇ ಆಗಲಿ, ಮರುದಿನ ಮುಂಜಾನೆಗೇ ಆಸ್ಪತ್ರೆ. ವಿಟಮಿನ್ ಬಿ1 ಇಂಜೆಕ್ಷನ್, ನಡುಕ ತಡೆಯೋ ಮಾತ್ರೆ, ವೈದ್ಯರ ಕಣ್ಣೆದುರಿಗೆ ಕೆಲವು ದಿನ. ಧಾರವಾಡದ ಮಾನಸಿಕ ಆರೋಗ್ಯದ ಸರಕಾರಿ ಆಸ್ಪತ್ರೆ ಡಿಮ್ಹಾನ್ಸ್‌ನಾಗ ಇದಕ್ಕ ಚಿಕಿತ್ಸೆ ಐತಿ. ಸಭೆಯವರು ಒಬ್ಬರು ಜೊತೀಗೆ ಇರ್ರಿ, ಪ್ರಾರ್ಥನೆ ಅಲ್ಲೇ ಮಂಚದ ಬಾಜೂಕ ಕುಂತು ಮಾಡ್ರಿ.

ಉಪವಾಸಕ್ಕೂ ಹಂಗೇ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು, ಬಸುರಿಯರು, ಹಾಲು ಕುಡಿಸೋರು ವೈದ್ಯರನ್ನ ಕೇಳದ ಉಪವಾಸ ಹಿಡೀಬಾರದು. ಉಳಿದವರಿಗೂ ಮೊದಲ ವರ್ಷ ವಾರಕ್ಕ ಒಂದು ಹೊತ್ತು ಸಾಕು, ನೀರು ಬಿಡಬ್ಯಾಡ್ರಿ. ಉಳಿದ ಊಟದ ರೊಕ್ಕ ಡಬ್ಬಿಗೆ ಹಾಕಿ ತಿಂಗಳಿಗೊಮ್ಮೆ ಹಸಿದವರಿಗೆ ಕೊಡ್ರಿ. ಯೆಶಾಯ 58 ಕೇಳೂದೇ ಅದನ್ನ.

ಬೆಟಗೇರಿ_ಅಕ್ಕ

ಶುಶ್ರೂಷಕಿಯವರಿಗೆ ಧನ್ಯವಾದ. ನನ್ನದೂ ಒಂದು ಖಡಕ್ ಮಾತು. ಗಂಡನ ಕೈಲಿ ಹೊಡೆತ ತಿನ್ನೋ ಹೆಣಮಗಳಿಗೆ "ತಾಳ್ಮೆ ತಗೊಳವ್ವಾ, ಕರ್ತ ನಿನ್ನನ್ನ ಬೆಳಸ್ಲಿಕ್ಕೆ ಹತ್ಯಾನ" ಅಂತ ಹೇಳೂದು ಆತ್ಮಿಕ ಸಲಹೆ ಅಲ್ಲ. ಮಹಿಳಾ ಸಹಾಯವಾಣಿ 181ಕ್ಕ ಫೋನ್ ಹಚ್ಚಿ ಕೊಡ್ರಿ, ರಾತ್ರಿ ಅಪಾಯ ಇದ್ರ ತುರ್ತು ನಂಬರ್ 112. ಗಂಡನ ಆತ್ಮಿಕ ಬೆಳವಣಿಗೆ ಸಭಾಪಾಲಕರು ಬ್ಯಾರೆ ನೋಡ್ಲಿ.

ಇನ್ನು ಮೂವರ ಗುಂಪಿನ ಬಗ್ಗೆ. ಕೂಟದಾಗ ಎಲ್ಲಾರ ಮುಂದ ಯಾರೂ ಖರೇ ಮಾತಾಡೂದಿಲ್ಲ, ಅದಕ್ಕ ಮೂರು ಮೂರು ಮಂದಿ ಮಾಡ್ರಿ. ಹುಡುಗರು ಬ್ಯಾರೆ, ಹುಡುಗ್ಯಾರು ಬ್ಯಾರೆ. ಇಬ್ಬರಾದ್ರ ಒಬ್ಬರು ಬರದಿದ್ದ ವಾರ ಕೂಟ ಇಲ್ಲ, ಐದಾದ್ರ ವೇಳೆ ಸಾಲೂದಿಲ್ಲ. ವಾರಕ್ಕ ಮುಕ್ಕಾಲು ತಾಸು, ಮೂರ ಪ್ರಶ್ನೆ: ಓದಿದ್ದರಾಗ ಯಾವ ವಚನ ಹಿಡಕೊಂತು? ಎಲ್ಲಿ ಸೋತಿ? ಯಾರ ಸಂಗಡ ಸರಿಮಾಡ್ಕೊಳ್ಳೂದು ಬಾಕಿ ಐತಿ?

ಕೆಡೂದು ಎಲ್ಲಿ ಅಂದ್ರ, ಇಲ್ಲಿ ಹೇಳಿದ್ದು "ಪ್ರಾರ್ಥನಾ ವಿಷಯ" ಅನ್ನೋ ಹೆಸರಿನಾಗ ಓಣಿ ಸುತ್ತತೈತಿ. "ಆಕೀ ಸಲುವಾಗಿ ಪ್ರಾರ್ಥನೆ ಮಾಡ್ರಿ, ಏನಾಗೇತಿ ಗೊತ್ತೇನು..." ಅಲ್ಲಿಗೆ ಮುಗೀತು, ಆ ಗುಂಪಿನಾಗ ಮತ್ತ ಯಾರೂ ಬಾಯಿ ಬಿಡೂದಿಲ್ಲ. ಮೊದಲ ದಿನವೇ ಹೇಳಿಡ್ರಿ: ಮೂವರದು ಮೂವರಾಗೇ. ಒಂದೇ ಅಪವಾದ, ಮಕ್ಕಳಿಗೆ ಅಥವಾ ಯಾರದರ ಜೀವಕ್ಕ ಅಪಾಯ ಇದ್ದರ ದೊಡ್ಡವರಿಗೆ ಹೇಳಬೇಕು, ಮುಚ್ಚಿಡಬಾರದು.

ಶ್ರೀಗ್ರಂಥ_ಹುಬ್ಬಳ್ಳಿ

ಕಥೋಲಿಕ ಕಡೆಯಿಂದ ಒಂದು ಸಾಧನ, ಬೇಕಾದರೆ ಬಳಸಿಕೊಳ್ಳಿ. ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ರಾತ್ರಿಯ ಆತ್ಮಪರಿಶೀಲನೆ. ಐದು ಹೆಜ್ಜೆ, ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಮೊದಲು ದಿನದ ಉಪಕಾರಗಳಿಗಾಗಿ ಸ್ತುತಿ. ಎರಡನೆಯದು, ನನ್ನನ್ನು ನಾನು ನೋಡಲು ಬೆಳಕು ಬೇಡುವುದು. ಮೂರನೆಯದು, ಎದ್ದಾಗಿನಿಂದ ಮಲಗುವವರೆಗೆ ದಿನವನ್ನು ತಾಸು ತಾಸಾಗಿ ನೋಡುವುದು. ನಾಲ್ಕನೆಯದು ಕ್ಷಮೆ ಬೇಡುವುದು, ಐದನೆಯದು ನಾಳೆಗೆ ನಿರ್ಧಾರ. ಪರಲೋಕ ಮಂತ್ರದೊಂದಿಗೆ (ಅಕ್ಕ ಹೇಳಿದ ಕರ್ತನ ಪ್ರಾರ್ಥನೆಯೇ) ಮುಕ್ತಾಯ.

ಹೊಸಬರು ಸ್ತುತಿಯನ್ನು ಹಾರಿಸಿ ನೇರ ಮೂರನೆಯದಕ್ಕೆ ಹೋಗುತ್ತಾರೆ. ಆಗ ಅದು ದಿನಾ ರಾತ್ರಿ ತಮ್ಮನ್ನು ತಾವೇ ಬೈದುಕೊಳ್ಳುವ ಹೊತ್ತಾಗುತ್ತದೆ, ಹದಿನೈದು ದಿನದಲ್ಲಿ ಬಿಟ್ಟುಬಿಡುತ್ತಾರೆ. ನಾಳೆಯ ನಿರ್ಧಾರವೂ ಒಂದೇ ಇರಬೇಕು. "ಸಿಟ್ಟು ಬಿಡುತ್ತೇನೆ" ಅಲ್ಲ, "ಅಣ್ಣ ರೊಕ್ಕದ ಮಾತು ಎತ್ತಿದಾಗ ಕೂಡಲೇ ಉತ್ತರ ಕೊಡುವುದಿಲ್ಲ". ಕೆಲವರಿಗೆ ಚಿಕ್ಕ ಚಿಕ್ಕ ತಪ್ಪಿಗೂ ಮನಸ್ಸು ಕೊರೆಯುವ ಸ್ವಭಾವ ಇರುತ್ತದೆ. ಅಂಥವರಿಗೆ ಇದು ದಿನಾ ಬೇಡ, ವಾರಕ್ಕೊಮ್ಮೆ ಸಾಕು, ಅದೂ ಸ್ವಾಮಿಗಳ (ಪಾದ್ರಿಗಳ) ಸಲಹೆಯಂತೆ.

ಹಾವೇರಿ_ಯುವಜನ

ಭಾಳ ಉಪಕಾರ ಆತ್ರಿ. ಇನ್ನೆರಡು ಅದಾವ. ಎಲ್ಲಾ ಕ್ರಮ ಪಾಲಿಸಿದ್ರೂ "ಏನೂ ಅನಸವಲ್ದು, ಪ್ರಾರ್ಥನೆ ಗ್ವಾಡಿಗೆ ಬಡದಂಗ ಆಗ್ತೈತಿ" ಅನ್ನೋರಿಗೆ ಏನ ಹೇಳೂದು? ಎರಡನೇದು, ಬೆಳವಣಿಗೆ ಅಳಿಯೂದು ಹೆಂಗ ಅನ್ನೂದಕ್ಕ ಇನ್ನೂ ಉತ್ತರ ಬಂದಿಲ್ಲ.

ಧಾರವಾಡ_ಮಾಸ್ತರ

ಮೊದಲನೆಯದಕ್ಕೆ: 13ನೇ ಕೀರ್ತನೆ ಕೊಡಿ. ಆರೇ ವಚನ, ಮೊದಲ ಎರಡರಲ್ಲೇ "ಎಷ್ಟರ ವರೆಗೆ" ಎಂಬ ಕೂಗು ನಾಲ್ಕು ಬಾರಿ. ಅದು ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನೂ ಸಭೆ ಪ್ರಾರ್ಥನೆಯಾಗಿ ಕಾಪಾಡಿಕೊಂಡು ಬಂದಿದೆ. ಒಣಗಿದ ಕಾಲದಲ್ಲಿ ಕ್ರಮವನ್ನು ಹೆಚ್ಚಿಸಬಾರದು, ಬಿಡಲೂಬಾರದು, ಇದ್ದಷ್ಟನ್ನೇ ಇಟ್ಟುಕೊಳ್ಳಬೇಕು. ಮುಚ್ಚಿಟ್ಟ ಪಾಪ, ಆರದ ಜಗಳ ಏನಾದರೂ ಇದೆಯೇ ಎಂದು ಒಮ್ಮೆ ಕೇಳಿ. ಇಲ್ಲವೆಂದರೆ ನಂಬಿ, ಮತ್ತೆ ಮತ್ತೆ ಕೆದಕಬೇಡಿ.

ದೇಹವನ್ನೂ ಕೇಳಿ. 1 ಅರಸು 19ರಲ್ಲಿ ಪ್ರವಾದಿ ಎಲೀಯ ಸಾಯಬೇಕೆಂದು ಬೇಡಿಕೊಂಡಾಗ ದೂತನು ಎರಡು ಸಲ ಎಬ್ಬಿಸಿ ರೊಟ್ಟಿ ತಿನ್ನಿಸಿದ, ನಡುವೆ ಮಲಗಲು ಬಿಟ್ಟ. ಉಪದೇಶ ಹೋರೇಬ್ ಬೆಟ್ಟದಲ್ಲಿ, ಆಮೇಲೆ.

ಗದಗ_ಶುಶ್ರೂಷಕಿ

ಎರಡು ವಾರಕ್ಕೂ ಮಿಕ್ಕಿ ದಿನಾ ಮನಸ್ಸು ಕುಗ್ಗಿ, ನಿದ್ದಿ ಊಟ ಕೆಟ್ಟು, ಯಾವುದರಾಗೂ ಆಸಕ್ತಿ ಇಲ್ಲದಂಗ ಆದ್ರ ಅದು ವಿಶ್ವಾಸದ ಪ್ರಶ್ನೆ ಅಂತ ಬಿಡಬ್ಯಾಡ್ರಿ, ಖಿನ್ನತೆ ಇರಬಹುದು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಾಗೂ ಮಾತಾಡ್ತಾರ, ರೊಕ್ಕ ಇಲ್ಲ. ಸಾಯೋ ಮಾತು ಬಂದ್ರ ಎರಡು ವಾರ ಕಾಯಬ್ಯಾಡ್ರಿ, ಅವತ್ತೇ ಕರಕೊಂಡ ಹೋಗ್ರಿ.

ಕೇಶ್ವಾಪುರ_ಓದುಗ

ಅಳೆಯುವ ವಿಷಯ. ವಾರವಾರ ಅಳೆಯಬೇಡಿ, ಮೂರು ತಿಂಗಳಿಗೊಮ್ಮೆ ಸಾಕು. ಭಾವನೆಯನ್ನು ಅಳೆಯಬೇಡಿ, ಓದಿದ ಅಧ್ಯಾಯಗಳನ್ನೂ ಅಳೆಯಬೇಡಿ. ಗಲಾತ್ಯದವರಿಗೆ 5:22-23ರ ಆತ್ಮನ ಫಲದ ಒಂಬತ್ತು ಗುಣಗಳಲ್ಲಿ ಒಂದನ್ನು, ಉದಾಹರಣೆಗೆ ದೀರ್ಘಶಾಂತಿಯನ್ನು (ತಾಳ್ಮೆಯನ್ನು), ಆರಿಸಿಕೊಂಡು ಕಣ್ಣಿಗೆ ಕಾಣುವ ಪ್ರಶ್ನೆ ಮಾಡಿ. ಜಗಳವಾದ ಮೇಲೆ ಮಾತು ಬಿಡುವುದು ಎಷ್ಟು ದಿನ ಇರುತ್ತಿತ್ತು, ಈಗ ಎಷ್ಟು? ಸಾಲ ಹೇಳಿದ ದಿನಕ್ಕೆ ವಾಪಸ್ ಕೊಟ್ಟೆನೇ? ತಪ್ಪಾಯಿತು ಅನ್ನುವ ಮಾತು ಬಾಯಿಂದ ಬಂತೇ, ಅದರ ಹಿಂದೆ "ಆದರೆ ನೀನೂ..." ಅಂತ ಬಾಲ ಇತ್ತೇ? ಉತ್ತರವನ್ನು ಸ್ವತಃ ಬರೆಯಬಾರದು, ಮನೆಯಲ್ಲಿ ಒಬ್ಬರನ್ನು ಕೇಳಬೇಕು. ತಂಗಿಯನ್ನು ಕೇಳಿದರೆ ಒಳ್ಳೆಯದು, ತಾಯಂದಿರು ಮಗನ ಪರ ವಕಾಲತ್ತು ಮಾಡುತ್ತಾರೆ.

ರಾಣೆಬೆನ್ನೂರ_ಸಾಕ್ಷಿ

ತಂಗಿನ್ನ ಕೇಳೂದು ಉಜ್ಜೀವನ ಕೂಟಕ್ಕಿಂತ ಕಠಿಣ ಐತ್ರಿ ಮತ್ತ! ಮಾಸ್ತರ ಮಾತು ಒಪ್ಪಿದೆ. ಆದ್ರ ಕ್ರಮದಾಗ ಇದನ್ನೂ ಬರೀರಿ: ಶುರು ಮಾಡೂಕಿಂತ ಮೊದಲು, ಯಾರಿಗರ ರೊಕ್ಕ ಕೊಡೂದಿದ್ರ, ಕ್ಷಮಾ ಕೇಳೂದಿದ್ರ, ಮೊದಲ ವಾರದಾಗೇ ಮುಗಿಸಿ ಬರಬೇಕು.

ಹಾವೇರಿ_ಯುವಜನ

ಬರದೀನ್ರಿ ಅಣ್ಣಾರ, ಮೊದಲ ಸಾಲಿಗೇ ಹಾಕೀನಿ. ಜೂನ್‌ದಾಗ ಶುರು ಮಾಡೋ ವಿಚಾರ ಇತ್ತು. ಆದ್ರ ನಮ್ಮಲ್ಲಿ ಅರ್ಧ ಮಂದಿ ಹೊಲದವರು, ಮುಂಗಾರು ಬಿತ್ತಿಗಿಯಾಗ ಕೂಟಕ್ಕ ಬರೂದಿಲ್ಲ.

ವರ್ಕ್‌ಶಾಪ್_ಶಿಫ್ಟ್_ಹುಬ್ಬಳ್ಳಿ

ಹಂಗಿದ್ರ ಆಗಸ್ಟ್ ಮೊದಲನೇ ರವಿವಾರ ಇಡ್ರಿ. ಮಾರ್ಕ, ಫಿಲಿಪ್ಪಿ ಆಗಸ್ಟ್ ಮುಗಿಯೂದ್ರಾಗ ಆಗ್ತಾವ. ಸುಗ್ಗಿ ಟೈಮಿನಾಗ ಕೂಟ ತಪ್ಪಿದ್ರೂ ಮೂವರ ಗುಂಪು ಹೊಲದ ಬದುವಿನ ಮ್ಯಾಲೇ ಕೂಡಬಹುದು. ಪಟ್ಟಿ ತಯಾರಾದ ಮ್ಯಾಲೆ ಇಲ್ಲೇ ಹಾಕ್ರಿ, ನಮ್ಮ ಕಡೆಯವರೂ ಕೇಳಾಕ ಹತ್ಯಾರ.